ಹಂಡೆಯಲ್ಲಿ ಬೆಂದ ಪಟ್ಟೆ ಸೀರೆ

ಹೋದ ತಿಂಗಳು ವಿಜಯಪುರದಲ್ಲಿ ನಂಟರ ಮನೆಯ ನಾಮಕರಣಕ್ಕೆಂದು ದೊಡ್ಡ ಮಗಳು ಪದ್ಮನ ಜೊತೆ ಬಸ್ಸಿನಲ್ಲಿ ಹೊರಟಿದ್ದೆ. ಯಲಹಂಕ ದಾಟಿ, ದೇವನಹಳ್ಳಿ ದಾಟಿ, ಊರು ಇನ್ನೊಂದು ಮೈಲಿ ಇದೆ ಅನ್ನುವಾಗ ಬಸ್ಸು ಕೆಟ್ಟು ನಿಂತಿತು. ರಸ್ತೆಯ ಪಕ್ಕದಲ್ಲೇ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಒಂದು ಶೆಡ್ಡು. ಬಿಸಿನೀರಿನ ತೊಟ್ಟಿಗಳಿಂದ ಹಬೆ ಏಳುತ್ತಿತ್ತು. ಆ ಹಬೆಯ ಜೊತೆ ಬರುವ ವಾಸನೆ ಮೂಗಿಗೆ ಬಡಿದವರಿಗೇ ಗೊತ್ತು. ಬಸ್ಸಿನಲ್ಲಿದ್ದವರೆಲ್ಲ ಸೆರಗೋ ಟವೆಲ್ಲೋ ಮೂಗಿಗೆ ಹಿಡಿದರು.

“ಅಮ್ಮಾ, ಕಿಟಕಿ ಹಾಕಮ್ಮ,” ಅಂದಳು ಪದ್ಮ.

ನಾನು ಹಾಕಲಿಲ್ಲ. ಹಾಕುವುದು ಮರೆತೆ ಅಂದರೇ ಸರಿ. ಇಷ್ಟು ಕಟುವಾಗಿ ಅಲ್ಲ, ಆದರೆ ಇದರದೇ ಒಂದು ಎಳೆ ಒಂದಾನೊಂದು ಮಧ್ಯಾಹ್ನ ನಮ್ಮ ಬಚ್ಚಲುಮನೆಯಲ್ಲಿ ತುಂಬಿಕೊಂಡಿತ್ತು. ನಾನು ಕೈಯಲ್ಲಿ ಕೋಲು ಹಿಡಿದು ಹಂಡೆಯ ಮುಂದೆ ನಿಂತಿದ್ದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮಗು ಆಸ್ಪತ್ರೆಯಲ್ಲಿತ್ತು.

ಆಗ ನಾವು ಯಶವಂತಪುರದಲ್ಲಿದ್ದೆವು. ಆಣೆ ಹೋಗಿ ನಯಾಪೈಸೆ ಬಂದು ಮೂರೋ ನಾಲ್ಕೋ ವರ್ಷ ಆಗಿತ್ತು. ನಮ್ಮವರಿಗೆ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತೆ ಕೆಲಸ. ಸ್ಟೇಷನ್ನಿಗೆ ಹತ್ತು ನಿಮಿಷದ ನಡಿಗೆಯಲ್ಲಿ ನಮ್ಮ ವಠಾರ. ಎದುರುಬದುರಾಗಿ ಆರು ಮನೆ, ನಡುವೆ ಕಲ್ಲುಚಪ್ಪಡಿಯ ಅಂಗಳ, ಅಂಗಳದ ಕೊನೆಗೆ ಒಂದೇ ನಲ್ಲಿ, ನಲ್ಲಿಯ ಹಿಂದೆ ಮೋರಿ, ಮೋರಿಯ ಆಚೆ ಆರು ಮನೆಗೂ ಸೇರಿ ಎರಡು ಕಕ್ಕಸು. ಮನೆಯಲ್ಲಿ ನಾನು, ನಮ್ಮವರು, ಅತ್ತೆ, ಆರು ವರ್ಷದ ಪದ್ಮ, ಒಂದೂವರೆ ವರ್ಷದ ಜಯ. ಜಯನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ಪುಟ್ಟಿ.

ನಮ್ಮದು ಮಡಿಯ ಮನೆ. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಹಿಂದಿನ ದಿನ ಒಗೆದು ಯಾರ ಕೈಗೂ ಎಟುಕದ ಹಾಗೆ ಎತ್ತರಕ್ಕೆ ಕಟ್ಟಿದ ಬಿದಿರ ಗಳುವಿನ ಮೇಲೆ ಒಣಗಿಸಿದ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟ ಮೇಲೇ ಒಲೆ ಹಚ್ಚಬೇಕು. ದೇವರಿಗೆ ನೈವೇದ್ಯ ಆಗುವವರೆಗೆ ಬಟ್ಟೆ ತೊಟ್ಟ ಯಾರನ್ನೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಬೇರೆ ಸೀರೆ. ನನಗೆ ಅದು ಭಾರ ಅನ್ನಿಸಿದ್ದಿಲ್ಲ. ದಿನವೂ ಸುಸ್ತಾಗುತ್ತಿತ್ತು, ಅದು ಬೇರೆ ಮಾತು. ದೇವರಿಗೆ ಚೊಕ್ಕಟವಾಗಿ ಬೇಯಿಸಿ ಇಡುತ್ತಿದ್ದೇನೆ ಅನ್ನುವ ತೃಪ್ತಿ ಇತ್ತು.

ಆ ವರ್ಷ ಶ್ರಾವಣಕ್ಕೆ ಹಿಡಿದ ಮಳೆ ಬಿಡಲೇ ಇಲ್ಲ. ಬೆಂಗಳೂರಿನ ಮಳೆ ಸಂಜೆ ಬಂದು ಹೋಗುವ ಮಳೆ. ಆ ಸಲ ಮಾತ್ರ ಬೆಳಗ್ಗೆ ಎದ್ದರೆ ಜಿಟಿಜಿಟಿ, ಮಧ್ಯಾಹ್ನ ಜಿಟಿಜಿಟಿ. ಸೌದೆ ಹಸಿ, ಒಲೆಯಲ್ಲಿ ಹೊಗೆ, ಗೋಡೆಯ ಮೇಲೆ ಹಸಿರು ಪಾಚಿ, ಮೋರಿ ತುಂಬಿ ಅಂಗಳಕ್ಕೆ. ಮೋರಿಯಿಂದ ಎದ್ದ ನೊಣ ನೇರ ಅಡಿಗೆಮನೆಗೆ. ನನ್ನ ಮೂರು ನೂಲಿನ ಸೀರೆಯಲ್ಲಿ ಒಂದೂ ಒಣಗುತ್ತಿರಲಿಲ್ಲ. ಮೂರನೆಯ ದಿನವೂ ಹಿಂಡಿದರೆ ನೀರು ಬರುತ್ತಿತ್ತು.

ಶ್ರಾವಣ ಅಂದರೆ ದಿನಕ್ಕೊಂದು ವ್ರತ, ಮಡಿ ಇಲ್ಲದೆ ಆಗುವುದಿಲ್ಲ. ಅತ್ತೆ ತಮ್ಮ ಟ್ರಂಕು ತೆಗೆದು ಅರಗಿನ ಬಣ್ಣದ ಪಟ್ಟೆ ಸೀರೆ, ಅಂದರೆ ರೇಷ್ಮೆ ಸೀರೆ, ಕೊಟ್ಟರು. ಅದು ಅವರ ಧಾರೆ ಸೀರೆ. ಮಾವನವರು ಹೋದ ಮೇಲೆ ಅದನ್ನು ಅವರು ಉಟ್ಟಿರಲಿಲ್ಲ.

“ಉಟ್ಕೋ ಸಾವಿತ್ರಿ. ಪಟ್ಟೆಗೆ ಮೈಲಿಗೆ ಇಲ್ಲ. ದಿನಾ ಒಗೆಯೋ ಕಷ್ಟವೂ ಇಲ್ಲ. ಬಿಚ್ಚಿ ಗಳುವಿಗೆ ಹಾಕು, ನಾಳೆ ತೊಗೊಂಡು ಉಡು.”

ಕೈ ಮುಗಿದು ತೆಗೆದುಕೊಂಡೆ. ಅವತ್ತಿಗೆ ಬೆಟ್ಟದಂಥ ಉಪಕಾರ ಅದು. ದೇವರು ಕಣ್ಣುಬಿಟ್ಟ ಅಂದುಕೊಂಡೆ. ಆಮೇಲೆ ಒಂದು ತಿಂಗಳಿಗೂ ಹೆಚ್ಚು ಕಾಲ ದಿನವೂ ಬೆಳಗ್ಗೆ ಅದನ್ನೇ ಉಟ್ಟೆ.

ಇನ್ನೊಂದು ಮಾತೂ ಹೇಳಬೇಕು. ಬಟ್ಟೆ ತೊಟ್ಟ ಮಗು ಮುಟ್ಟಿದರೆ ಮಡಿ ಕೆಡುತ್ತದೆ, ಬರಿಮೈಯ ಮಗು ಮುಟ್ಟಿದರೆ ಕೆಡುವುದಿಲ್ಲ. ಪುಟ್ಟಿ ಬೆಳಗ್ಗೆ ಎದ್ದವಳು ನನ್ನನ್ನು ಬಿಡುತ್ತಿರಲಿಲ್ಲ. ಅತ್ತೆ ಅವಳ ಲಂಗ ಬಿಚ್ಚಿ, “ಹೋಗು, ಅಮ್ಮನ ಹತ್ರ ಹೋಗು” ಎಂದು ಅಡಿಗೆಮನೆಗೆ ಬಿಡುತ್ತಿದ್ದರು. ಅವಳು ಬರಿಮೈಯಲ್ಲಿ ಬಂದು ಪಟ್ಟೆ ಸೀರೆಯ ಮಡಿಲಲ್ಲಿ ಕೂತು ಕಾಯಿತುರಿ ತಿನ್ನುವಳು. ಅದರಲ್ಲಿ ತಪ್ಪೇನೂ ಇರಲಿಲ್ಲ. ಎಲ್ಲವೂ ಶಾಸ್ತ್ರದ ಪ್ರಕಾರವೇ ಇತ್ತು.

ಶ್ರಾವಣದ ಕೊನೆಯಲ್ಲಿ ಪುಟ್ಟಿಗೆ ತೆಳ್ಳಗೆ ಭೇದಿ ಆಗತೊಡಗಿತು. ದಿನಕ್ಕೆ ನಾಲ್ಕು ಸಲ, ಐದು ಸಲ. ದವಡೆ ಹಲ್ಲು ಬರುತ್ತಿತ್ತು, ಜೊಲ್ಲು ಸುರಿಯುತ್ತಿತ್ತು. “ಹಲ್ಲಿನ ಭೇದಿ ಕಣೆ, ಪದ್ಮನಿಗೂ ಆಗಿರ್ಲಿಲ್ವೇ?” ಅಂದರು ಅತ್ತೆ. ಜಾಯಿಕಾಯಿ ತೇದು ನೆಕ್ಕಿಸಿದೆವು. ಸಾರು ಕುದಿಯುತ್ತಿರುವಾಗ ಅವಳು ಮಡಿಲಲ್ಲೇ ಮಾಡಿಕೊಂಡರೆ ಎತ್ತಿಕೊಂಡು ಹಿತ್ತಿಲಿಗೆ ಓಡುವುದು, ತೊಳೆಯುವುದು, ಮೋರಿಯ ಪಕ್ಕದ ಒಂದು ಚಿಟಿಕೆ ಮಣ್ಣು ಹಚ್ಚಿ ಎಡಗೈ ಉಜ್ಜಿ ನೀರು ಹಾಕಿಕೊಳ್ಳುವುದು, ಸೆರಗಿಗೆ ಒರೆಸಿಕೊಂಡು ಮತ್ತೆ ಒಲೆಯ ಮುಂದೆ ಕೂರುವುದು. ಹಾಲು ಕುಡಿಯುವ ಮಗುವಿನದಕ್ಕೆ ಯಾರು ಅಸಹ್ಯ ಪಡುತ್ತಾರೆ? ಸೀರೆಯ ಮೇಲೆ ಬಿದ್ದರೆ ಅಷ್ಟು ಜಾಗಕ್ಕೆ ನೀರು ಮುಟ್ಟಿಸಿ ಹಿಂಡುತ್ತಿದ್ದೆ. ಅರಗಿನ ಬಣ್ಣದಲ್ಲಿ ಏನೂ ಕಾಣುತ್ತಿರಲಿಲ್ಲ.

ಮಧ್ಯಾಹ್ನ ನೈವೇದ್ಯ ಆದ ಮೇಲೆ ಕೈತುತ್ತು. ಇದು ನನ್ನದೊಂದು ಹುಚ್ಚು. ವಠಾರದ ಮಕ್ಕಳನ್ನೆಲ್ಲ ಜಗಲಿಯಲ್ಲಿ ಸುತ್ತ ಕೂರಿಸಿಕೊಂಡು, ದೊಡ್ಡ ಪಾತ್ರೆಯಲ್ಲಿ ಅನ್ನ ಹುಳಿ ಕಲೆಸಿ, ಆಮೇಲೆ ಮೊಸರನ್ನ ಕಲೆಸಿ, ಒಬ್ಬೊಬ್ಬರ ಅಂಗೈಗೂ ಉಂಡೆ ಹಾಕುವುದು. ನಮ್ಮ ಪದ್ಮ, ಎದುರುಮನೆ ದರ್ಜಿಯವರ ಹೆಂಡತಿ ಗಿರಿಜನ ಇಬ್ಬರು ಮಕ್ಕಳು, ಮೂಲೆಮನೆಯ ಉಷಾ. ಮನೆಯಲ್ಲಿ ಊಟ ಬೇಡ ಅನ್ನುವ ಮಕ್ಕಳು ನನ್ನ ಕೈಯಲ್ಲಿ ಎರಡು ಪಾಲು ತಿನ್ನುತ್ತಿದ್ದವು. “ಸಾವಿತ್ರಮ್ಮನ ಕೈಗುಣ” ಅನ್ನುತ್ತಿದ್ದಳು ಗಿರಿಜ. ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಅದೇ ಹೊತ್ತಿಗೆ ಗೊರಗುಂಟೆಪಾಳ್ಯದ ಮುನಿಯಮ್ಮ ಬರುತ್ತಿದ್ದಳು. ಬೆಳಗ್ಗೆ ಹಾಲು ಹಾಕಿ ಹೋದವಳು ಮಧ್ಯಾಹ್ನ ಮತ್ತೆ ಬಂದು, ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಹಾಕಿಟ್ಟ ಕಲಗಚ್ಚನ್ನು ಹಸುವಿಗೆ ಒಯ್ಯುವಳು. ಜೊತೆಗೆ ಮೊಮ್ಮಗಳು ನಂಜಿ, ನಾಲ್ಕು ವರ್ಷದವಳು. ನಂಜಿ ನಮ್ಮ ಮಕ್ಕಳ ಜೊತೆ ಅದೇ ಅಂಗಳದಲ್ಲಿ ಆಡುತ್ತಿದ್ದಳು, ಅದೇ ನಲ್ಲಿಗೆ ಬಾಯಿ ಒಡ್ಡಿ ನೀರು ಕುಡಿಯುತ್ತಿದ್ದಳು. ಕೈತುತ್ತಿಗೆ ಮಾತ್ರ ಅವಳನ್ನು ಕರೆಯುತ್ತಿರಲಿಲ್ಲ. ಯಾಕೆ ಅಂತ ಬರೆಯುವುದಕ್ಕೆ ಈಗ ನಾಚಿಕೆಯಾಗುತ್ತದೆ. ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು ಮೇಲಿನಿಂದ ಅವಳ ಕೈಗೆ ಬಿಡುತ್ತಿದ್ದೆ. ಅವಳು ಮೆಟ್ಟಿಲ ಮೇಲೆ ಕೂತು ಬೆಲ್ಲ ಚೀಪುತ್ತ ಉಂಡೆಗಳನ್ನೇ ನೋಡುತ್ತಿದ್ದಳು.

ಭಾದ್ರಪದ ಹುಟ್ಟುವ ಹೊತ್ತಿಗೆ ಪುಟ್ಟಿಯ ಹೊಟ್ಟೆ ಸ್ವಲ್ಪ ಹಿಡಿದ ಹಾಗೆ ಕಂಡಿತು. ಅಷ್ಟರಲ್ಲಿ ಗಿರಿಜನ ಕಿರಿಯವನಿಗೆ ಜ್ವರ, ಹೊಟ್ಟೆನೋವು, ಆಮೇಲೆ ಲೋಳೆಯಂಥ ಆಮ, ಆಮದಲ್ಲಿ ರಕ್ತ. ಮಾರನೆಯ ದಿನ ಅವನ ಅಕ್ಕನಿಗೆ. ಅದರ ಮಾರನೆಯ ದಿನ ಉಷಾಗೆ, ಪದ್ಮನಿಗೆ. ಮಕ್ಕಳು ತಿಣುಕಿ ತಿಣುಕಿ ಅಳುವುದು ಆರು ಮನೆಗೂ ಕೇಳುತ್ತಿತ್ತು. ಎರಡು ಕಕ್ಕಸಿನ ಮುಂದೆ ಚೊಂಬು ಹಿಡಿದ ಸಾಲು. ಆಮಶಂಕೆ ಅಂದರು, ರಕ್ತಭೇದಿ ಅಂದರು, ಮಾರಿಯ ದೃಷ್ಟಿ ಅಂದರು. ನಾನು ಒಂದು ಕಡೆಯಿಂದ ದಾಳಿಂಬೆ ಸಿಪ್ಪೆಯ ಕಷಾಯ ಮಾಡಿ ಮನೆಮನೆಗೆ ಹಂಚಿದೆ. ಅದನ್ನೂ ಅದೇ ಸೀರೆ ಉಟ್ಟು, ಅದೇ ಕೈಯಲ್ಲಿ.

ಎಲ್ಲಿಂದ ಬಂತು? ನಲ್ಲಿ ನೀರು ಅಂದರು ಕೆಲವರು. ನನಗೆ ಮಾತ್ರ ಮುನಿಯಮ್ಮನ ಹಾಲಿನ ಮೇಲೆ ಅನುಮಾನ. ಕೆರೆಯ ನೀರು ಬೆರೆಸುತ್ತಾಳೆ ಅಂತ ಅತ್ತೆ ಎಂದೋ ಅಂದಿದ್ದು ತಲೆಯಲ್ಲಿತ್ತು. ಮರುದಿನ ಅವಳು ಬಂದು ಹಾಲು ಅಳೆಯುವ ಪಾವು ಎತ್ತಿದಾಗ, ವಠಾರದವರೆಲ್ಲ ಕೇಳುವ ಹಾಗೆ ಅಂದುಬಿಟ್ಟೆ.

“ನಿನ್ನ ಹಾಲು ಬೇಡ ಮುನಿಯಮ್ಮ. ಮಕ್ಕಳೆಲ್ಲ ಮಲಗಿದಾವೆ. ಕೆರೆ ನೀರು ಬೆರೆಸಿದ ಹಾಲು ಕುಡಿಸಿ ಕುಡಿಸಿ ಈ ಗತಿ ಬಂತು.”

ಮುನಿಯಮ್ಮ ಪಾವನ್ನು ಕ್ಯಾನಿನ ಮೇಲೆ ಮೆಲ್ಲಗೆ ಇಟ್ಟಳು. “ಅಮ್ಮಾವ್ರೆ, ನೀರ್ ಆಕ್ತೀನಿ ಅನ್ನಿ, ಅದು ಬ್ಯಾರೆ ಮಾತು. ಆಕಲ್ಲ ಅಂತ ಯಾವ್ ಆಲ್ನೋಳು ಏಳ್ತಾಳೆ? ಬಾವಿ ನೀರು ಒಂದೀಟು ಆಕ್ತೀನಿ. ಕೆರೆ ನೀರ್ ಆಕಿದ್ರೆ ನನ್ ಕೈ ಬಿದ್ದೋಗ್ಲಿ. ಅದೇ ಆಲು ನಮ್ ನಂಜೀನೂ ಕುಡೀತಾಳಲ್ಲ, ನೋಡಿ, ಎಂಗವ್ಳೆ.”

ನಂಜಿ ಮೆಟ್ಟಿಲ ಮೇಲೆ ಕುಪ್ಪಳಿಸುತ್ತಿದ್ದಳು. ನಾನು ನೋಡಲಿಲ್ಲ. ಬಾಗಿಲು ಹಾಕಿಕೊಂಡೆ.

ಮಧ್ಯಾಹ್ನ ಅವಳು ಮತ್ತೆ ಬಂದಳು. ಗಿರಿಜ ಕೇಳಿದಳು, “ಬೇಡ ಅಂದ್ರೂ ಬಂದ್ಯಲ್ಲೇ?” “ಆಲು ಬ್ಯಾಡ ಅಂದ್ರು, ಸರಿ. ಕಲಗಚ್ಚು ಬ್ಯಾಡ ಅಂತ ನಾನೇನ್ ಅಂದಿಲ್ವಲ್ಲ. ನಮ್ ಅಸೀಗೆ ಯಾರ ಮ್ಯಾಲೂ ಕ್ವಾಪ ಇಲ್ಲ,” ಅಂದು ಕೊಡ ತುಂಬಿಕೊಂಡು ಹೋದಳು.

ನನಗೂ ಒಂದು ದಿನ ಹೊಟ್ಟೆ ಕೆಟ್ಟಿತು. ಬೆಳಗಿನಿಂದ ಸಂಜೆಯವರೆಗೆ ಎಂಟೊಂಬತ್ತು ಸಲ. ಮಾರನೆಯ ದಿನ ಎದ್ದು ಸ್ನಾನ ಮಾಡಿ ಪಟ್ಟೆ ಉಟ್ಟೆ. ಮನೆಯ ಹೆಂಗಸು ಮಲಗಿದರೆ ನಡೆಯುತ್ತದೆಯೇ? ಬೇಗ ಬಿಟ್ಟುಹೋಯಿತು, ಅದೂ ಅವನ ದಯೆ ಅಂದುಕೊಂಡೆ. ಕೈಕಾಲಿನಲ್ಲಿ ಶಕ್ತಿ ಇರಲಿಲ್ಲ. ಒಲೆಯ ಮುಂದೆ ಕೂತರೆ ಏಳುವುದು ಬೇಡ ಅನ್ನಿಸುವುದು. ಒಗೆಯುವುದಕ್ಕೆ ರಾಶಿ ಬಟ್ಟೆ, ಒಣಗಿಸುವುದಕ್ಕೆ ಜಾಗ ಇಲ್ಲ, ನಲ್ಲಿಯಲ್ಲಿ ನೀರು ಎರಡು ಗಂಟೆ ಮಾತ್ರ.

ಗೌರಿಹಬ್ಬ ಆದ ನಾಲ್ಕನೆಯ ದಿನ ಪುಟ್ಟಿಗೆ ಮತ್ತೆ ಜೋರಾಯಿತು. ಈ ಸಲ ರಕ್ತ. ಮೈ ಕಾದ ಹೆಂಚು. ತಿಣುಕುವಾಗ ಮುಖ ಕಪ್ಪಾಗುತ್ತಿತ್ತು, ಬರುವುದು ಮಾತ್ರ ಒಂದು ಚಮಚ ಆಮ, ಕೆಂಪು. ಬಾಯಾರಿ ನಾಲಿಗೆ ಚಾಚುತ್ತಿದ್ದಳು. “ನೀರು ಕೊಡಬೇಡ, ಕೊಟ್ಟಷ್ಟೂ ಹೋಗತ್ತೆ,” ಅಂದರು ಅತ್ತೆ. ನಾನು ಬಟ್ಟೆ ಒದ್ದೆ ಮಾಡಿ ತುಟಿಗೆ ಮುಟ್ಟಿಸಿದೆ, ಅಷ್ಟೇ. ಒಂದೂವರೆ ದಿನ ಹಾಗೆ ಕಳೆಯಿತು. ಅವಳ ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಅಳುತ್ತಿದ್ದಳು, ಕಣ್ಣಲ್ಲಿ ನೀರಿರಲಿಲ್ಲ.

ಅವತ್ತು ಮಧ್ಯಾಹ್ನ, ಮುನಿಯಮ್ಮ ಕಲಗಚ್ಚಿಗೆ ಬಂದ ಹೊತ್ತಿಗೇ, ನರ್ಸಮ್ಮ ಬಂದರು. ಹೆಸರು ಸುಂದರಮ್ಮ, ಬೀದಿ ಬೀದಿ ತಿರುಗಿ ಬಾಣಂತಿ, ಮಕ್ಕಳನ್ನು ನೋಡುವ ಸರ್ಕಾರಿ ಕೆಲಸ. ಒಂದೇ ವಠಾರದಲ್ಲಿ ಐದು ಮಕ್ಕಳಿಗೆ ರಕ್ತಭೇದಿ ಅಂತ ಯಾರೋ ಹೇಳಿದ್ದರಂತೆ. ಒದ್ದೆ ಛತ್ರಿ ಬಾಗಿಲಲ್ಲಿ ಒರಗಿಸಿ, ಮಗುವಿನ ಕಣ್ಣು ನೋಡಿದರು, ಹೊಟ್ಟೆಯ ಚರ್ಮ ಎಳೆದು ನೋಡಿದರು.

“ನೀರು ಯಾವಾಗ ಕೊಟ್ರಿ?”

“ಕೊಟ್ಟಿಲ್ಲ.”

“ಅಯ್ಯೋ ತಾಯಿ! ಒಣಗಿಹೋಗಿದೆಯಲ್ರೀ ಮಗು. ಗಂಜಿ ತಿಳಿಗೆ ಉಪ್ಪು ಹಾಕಿ ಚಮಚದಲ್ಲಿ ಕೊಡ್ತಾ ಇರಿ, ನಿಲ್ಲಿಸಬೇಡಿ. ಇವತ್ತೇ ಆಸ್ಪತ್ರೆಗೆ ಹೊರಡಿ. ಯಾವತ್ತು ಶುರುವಾಯ್ತು?”

“ಮೊನ್ನೆ,” ಅಂದೆ. “ಅದಕ್ಕೆ ಮುಂಚೆ ಹಲ್ಲಿನ ಭೇದಿ ಇತ್ತು, ಹತ್ತು ಹನ್ನೆರಡು ದಿನ.”

“ಹಲ್ಲು ಬಂದ್ರೆ ಭೇದಿ ಆಗತ್ತೆ ಅಂತ ಯಾರು ಹೇಳಿದ್ದು?”

“ಎಲ್ಲರ ಮನೇಲೂ ಆಗತ್ತಮ್ಮ,” ಅಂದರು ಅತ್ತೆ ಒಳಗಿನಿಂದ.

“ಎಲ್ಲರ ಮನೇಲೂ ಕೈ ತೊಳೆಯೋದು ಹೀಗೇ ಇರತ್ತೆ ಅಜ್ಜಿ, ಅದಕ್ಕೇ ಆಗತ್ತೆ.”

ಗಂಜಿಯ ತಿಳಿ ಆರಿಸುತ್ತ ನಾನು ಚಮಚ ಹಿಡಿದಿದ್ದೆ. ನರ್ಸಮ್ಮ ಮೆಟ್ಟಿಲ ಮೇಲಿದ್ದ ನಂಜಿಯನ್ನು ತೋರಿಸಿದರು. “ಆ ಮಗು ಯಾವುದು? ಬರುವಾಗ ನೋಡ್ದೆ, ಇದೇ ನಲ್ಲಿ ನೀರು ಕುಡೀತಿತ್ತು, ಇದೇ ಮೋರಿ ಪಕ್ಕ ಆಡ್ತಿತ್ತು. ಅದು ಹೇಗೆ ಚೆನ್ನಾಗಿದೆ? ಈ ಐದು ಮಕ್ಕಳು ಏನು ತಿಂದ್ವು, ಅದು ಏನು ತಿನ್ನಲಿಲ್ಲ?”

ಗಿರಿಜ ಮಗುವನ್ನು ನೋಡಲು ಬಂದು ನಿಂತಿದ್ದಳು. ಏನೂ ಯೋಚಿಸದೆ, “ಸಾವಿತ್ರಮ್ಮನ ಕೈತುತ್ತು” ಅಂದಳು. ಅಂದ ಮೇಲೆ ಅವಳ ಮುಖ ಬಿಳಿಚಿಕೊಂಡಿತು.

“ಹಾಲಲ್ಲವಾ?” ಅಂದೆ. ನನ್ನ ದನಿ ನನಗೇ ಕೇಳಲಿಲ್ಲ.

“ಹಾಲು ಉಕ್ಕಿಸ್ತೀರಿ ತಾನೆ? ಉಕ್ಕಿದ ಹಾಲಲ್ಲಿ ಇದು ಬದುಕಲ್ಲ. ಈಗ ಹೇಳಿ, ಮಗೂನ ತೊಳೀತೀರಿ. ಯಾವ ಕೈ?”

“ಎಡಗೈ.”

“ತೊಳೆದ ಮೇಲೆ ಎಲ್ಲಿ ಒರೆಸ್ಕೋತೀರಿ?”

“ಸೆರಗಿಗೆ.”

“ಅನ್ನ ಕಲೆಸೋ ಮುಂಚೆ ಬಲಗೈ ತೊಳೀತೀರಿ. ಅದನ್ನ ಎಲ್ಲಿ ಒರೆಸ್ಕೋತೀರಿ?”

ನಾನು ಕೆಳಗೆ ನೋಡಿಕೊಂಡೆ. ಅದೇ ಸೆರಗು ಸೊಂಟಕ್ಕೆ ಸಿಕ್ಕಿಸಿಯೇ ಇತ್ತು.

“ಈ ಸೀರೆ ಒಗೆದು ಎಷ್ಟು ದಿನ ಆಯ್ತು?”

ಅತ್ತೆ ಬಾಗಿಲಿಗೆ ಬಂದರು. “ಮಡಿ ಮನೆಗೆ ಬಂದು ಕೊಳಕು ಅಂತೀಯಲ್ಲಮ್ಮ! ಅದು ಪಟ್ಟೆ.”

“ಅಜ್ಜಿ, ನಿಮ್ಮ ಮಡಿ ವಿಷಯ ನಾನು ಕೇಳಲಿಲ್ಲ. ಒಗೆದು ಎಷ್ಟು ದಿನ ಅಂತ ಕೇಳ್ದೆ.”

“ಒಂದು ತಿಂಗಳ ಮೇಲಾಯ್ತು,” ಅಂದೆ.

ನರ್ಸಮ್ಮ ಗದರಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು. ಪಕ್ಕದಲ್ಲಿ ಕೂತು, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. “ಇದೊಂದು ಕ್ರಿಮಿ. ಕಣ್ಣಿಗೆ ಕಾಣಲ್ಲ. ಕಾಯಿಲೆಯವರ ಮಲದಲ್ಲಿರತ್ತೆ. ಅಲ್ಲಿಂದ ಕೈಗೆ, ಬಟ್ಟೆಗೆ, ನೊಣದ ಕಾಲಿಗೆ. ಕೈಯಿಂದ ಅನ್ನಕ್ಕೆ, ಅನ್ನದಿಂದ ಬಾಯಿಗೆ. ಕೆಲವು ಕಾಯಿಲೆಗೆ ಕ್ರಿಮಿ ರಾಶಿ ಹೊಟ್ಟೆಗೆ ಹೋಗಬೇಕು. ಇದಕ್ಕೆ ಉಗುರಿನ ಸಂದೀಲಿ ಕೂತಷ್ಟು ಸಾಕು. ದೊಡ್ಡ ಕರುಳಿಗೆ ಹೋಗಿ ಒಳಗಿನ ಪೊರೆಯನ್ನೇ ಕೊರೆಯತ್ತೆ, ಬಾಯಲ್ಲಿ ಹುಣ್ಣಾದ ಹಾಗೆ ಕರುಳಲ್ಲಿ ಹುಣ್ಣಾಗತ್ತೆ. ಅದಕ್ಕೇ ರಕ್ತ, ಅದಕ್ಕೇ ಆ ತಿಣುಕಾಟ. ದೊಡ್ಡವರಿಗೆ ಒಂದು ದಿನದಲ್ಲಿ ಬಿಟ್ಟ ಹಾಗೆ ಕಾಣತ್ತೆ, ಆದರೆ ಹೊಟ್ಟೇಲಿ ಇನ್ನೂ ಕೆಲವು ವಾರ ಇರತ್ತೆ, ಹೊರಗೆ ಬರ್ತಾನೇ ಇರತ್ತೆ. ಬರೀ ನೀರಲ್ಲಿ ತೊಳೆದ್ರೆ ಹೋಗಲ್ಲ. ಮೋರಿ ಪಕ್ಕದ ಮಣ್ಣಲ್ಲಿ ಉಜ್ಜಿದ್ರೆ ಇನ್ನಷ್ಟು ಅಂಟತ್ತೆ. ಸೋಪು ಹಾಕಿ ತೊಳೀರಿ.”

“ಸೋಪು ಅಡಿಗೆಮನೆಗೆ ಬರಲ್ಲ. ಕೊಬ್ಬಿಂದ ಮಾಡ್ತಾರೆ,” ಅಂದರು ಅತ್ತೆ.

“ಸರಿ, ಅಂಟುವಾಳಕಾಯಿ ಇಟ್ಕೊಳ್ಳಿ. ನೊರೆ ಬಂದ್ರೆ ಸರಿ. ಉಗುರು, ಬೆರಳ ಸಂದಿ ಬಿಡದೆ ತಿಕ್ಕಿ. ಇನ್ನೊಬ್ರ ಕೈಲಿ ನೀರು ಹಾಕಿಸ್ಕೊಳ್ಳಿ, ಕೊಳಕು ಕೈಲಿ ಚೊಂಬು ಮುಟ್ಟಿ ಆಮೇಲೆ ತೊಳೆದ ಕೈಲಿ ಅದನ್ನೇ ಮುಟ್ಟಬೇಡಿ. ಆ ಸೀರೆ ಕುದಿಯೋ ನೀರಿಗೆ ಹಾಕಬೇಕು.” ಆಮೇಲೆ ಅವರೇ ಸೀರೆಯ ಅಂಚು ಮುಟ್ಟಿ ನೋಡಿ, “ಪಾಪ, ಕೆಟ್ಟುಹೋಗತ್ತೆ,” ಅಂದರು.

ಅವರು ಇನ್ನೂ ಗಿರಿಜನ ಮನೆಯಲ್ಲಿರುವಾಗಲೇ ಪುಟ್ಟಿಗೆ ಸೆಳವು ಬಂತು. ಕಣ್ಣುಗುಡ್ಡೆ ಮೇಲೆ ಹೋಯಿತು, ಕೈಕಾಲು ಸೆಟೆದು ಅದುರಿದವು. ನಾನು “ಗೋವಿಂದಾ” ಎಂದು ಕಿರುಚಿದ್ದಷ್ಟೇ ನೆನಪು. ಅತ್ತೆ ಹಣೆಗೆ ನೀರು ತಟ್ಟುತ್ತಿದ್ದರು. ನಮ್ಮವರು ಆಫೀಸಿನಲ್ಲಿ. ಮಳೆ ಧೋ ಅಂತ ಸುರಿಯುತ್ತಿತ್ತು. ಯಾರೋ ಅಂಗಳದಿಂದ ಓಡಿದ ಹಾಗಾಯಿತು. ಹತ್ತು ನಿಮಿಷಕ್ಕೆ ವಠಾರದ ಬಾಗಿಲಿಗೆ ಜಟಕಾ ಬಂದು ನಿಂತಿತು. ಮುಂದೆ ಸಾಬಿ, ಅವನ ಪಕ್ಕದಲ್ಲಿ ತಲೆಯ ಮೇಲೆ ಗೋಣಿಕೊಪ್ಪೆ ಹಾಕಿಕೊಂಡ ಮುನಿಯಮ್ಮ.

“ಅತ್ತಿ ಅಮ್ಮಾವ್ರೆ. ಸ್ಟೇಸನ್ ತಾವ ಇದೊಂದೇ ಇದ್ದಿದ್ದು. ಅಯ್ನೋರಿಗೂ ಏಳಿ ಬಂದಿವ್ನಿ, ಅಂಗೇ ಆಸ್ಪತ್ರೆಗೆ ಬತ್ತಾರೆ.”

ಜಟಕಾ ಇದ್ದದ್ದು ಒಂದು ಉಪಕಾರ. ನರ್ಸಮ್ಮ ಜೊತೆಯಲ್ಲಿ ಹತ್ತಿದ್ದು ಇನ್ನೊಂದು. ದಾರಿಯಲ್ಲಿ ಸೆಳವು ನಿಂತಿದ್ದು ಮತ್ತೊಂದು. ನಾನು ಹೀಗೆ ಎಣಿಸುತ್ತ ಎಣಿಸುತ್ತ ಹೋದೆ. ಎಣಿಸುವುದು ನಿಲ್ಲಿಸಿದರೆ ಮಗುವಿನ ಉಸಿರು ನಿಲ್ಲುತ್ತದೆ ಅನ್ನಿಸುತ್ತಿತ್ತು.

ಆಸ್ಪತ್ರೆಯಲ್ಲಿ ತೊಡೆಯ ಚರ್ಮದ ಕೆಳಗೆ ಸೂಜಿ ಹಾಕಿ ನೀರು ಏರಿಸಿದರು. ತೊಡೆ ಬೆಲ್ಲದ ಅಚ್ಚಿನ ಹಾಗೆ ಉಬ್ಬುವುದು, ಮೆಲ್ಲಗೆ ಇಳಿಯುವುದು. ಸಲ್ಫಾ ಗುಳಿಗೆ ಪುಡಿ ಮಾಡಿ ಕುಡಿಸಿದರು. “ಎರಡು ದಿನ ಕಳೀಲಿ, ಆಮೇಲೆ ಹೇಳ್ತೀನಿ,” ಅಂದರು ಡಾಕ್ಟರು. ಎರಡನೆಯ ದಿನ ಮಧ್ಯಾಹ್ನ ನಮ್ಮವರು ರಜ ಹಾಕಿ ಬಂದು ಕೂತು, “ಇವಳೇ, ನೀನು ಮನೆಗೆ ಹೋಗಿ ಸ್ನಾನ ಮಾಡಿ ಎರಡು ತುತ್ತು ತಿಂದು ಬಾ,” ಅಂದರು. ಪುಟ್ಟಿ ಕಣ್ಣು ಮುಚ್ಚಿಕೊಂಡಿದ್ದಳು. ತುಟಿ ಬಿರಿದಿತ್ತು.

ಮನೆಗೆ ಬಂದು ಸ್ನಾನ ಮಾಡಿದೆ. ಗಳುವಿನ ಮೇಲೆ ಪಟ್ಟೆ ಸೀರೆ ಇತ್ತು, ಅವತ್ತು ಅವಸರದಲ್ಲಿ ಬಿಚ್ಚಿ ಹಾಕಿದ ಹಾಗೇ. ಅದನ್ನು ನೋಡುತ್ತ ನಿಂತೆ. ನನ್ನ ಕೈಯಲ್ಲಿ ಮಾಡುವುದಕ್ಕೆ ಬೇರೇನೂ ಉಳಿದಿರಲಿಲ್ಲ. ಬಚ್ಚಲ ಒಲೆಗೆ ಇದ್ದಬದ್ದ ಸೌದೆಯನ್ನೆಲ್ಲ ತುರುಕಿದೆ. ಹಂಡೆ ಕುದಿಯುವವರೆಗೆ ಕಾದೆ. ಕೋಲಿನಿಂದ ಸೀರೆ ಇಳಿಸಿ, ಮಡಿಕೆ ಬಿಡಿಸಿ ಹಂಡೆಯೊಳಕ್ಕೆ ಒತ್ತಿದೆ.

ನೀರು ಒಂದೇ ಕ್ಷಣಕ್ಕೆ ಕೆಂಪಾಯಿತು. ಆಗ ಎದ್ದಿತು ಆ ವಾಸನೆ, ಹುಳು ಬೆಂದ ಹಾಗೆ, ಹಸಿಕೂದಲು ಸುಟ್ಟ ಹಾಗೆ. ತಿಂಗಳಿಗೂ ಹೆಚ್ಚು ಕಾಲ ದೇವರ ಮುಂದೆ ಕೂತ ಸೀರೆ ಅದು.

ಅತ್ತೆ ಬಂದು ಬಾಗಿಲಲ್ಲಿ ನಿಂತರು. ಬೈಯುತ್ತಾರೆ ಅಂದುಕೊಂಡೆ. “ಧಾರೆ ಎರೆದಾಗ ಉಟ್ಟಿದ್ದು ಕಣೆ,” ಅಂದರು. ನಾನು ಕೋಲಿನಿಂದ ತಿರುವುತ್ತಲೇ ಇದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಬಗ್ಗಿ ಒಲೆಗೆ ಒಂದು ಸೌದೆ ಮುಂದೆ ತಳ್ಳಿದರು.

ಜರಿ ಕಪ್ಪಾಗಿ, ಬಟ್ಟೆ ಮುದುಡಿ, ಸೀರೆ ಯಾವುದಕ್ಕೂ ಬಾರದ ಹಾಗಾಯಿತು. ಹಿಂಡಿ ಹಿತ್ತಿಲ ಹಗ್ಗಕ್ಕೆ ಹಾಕಿ ಆಸ್ಪತ್ರೆಗೆ ಹೊರಟೆ.

ಪುಟ್ಟಿ ಉಳಿದಳು. ಮೂರನೆಯ ದಿನ ಬೆಳಗ್ಗೆ ಕಣ್ಣುಬಿಟ್ಟು ಅತ್ತಳು, ಕಣ್ಣಲ್ಲಿ ನೀರು ಬಂತು. ಆ ನೀರನ್ನು ನಾನು ಸೆರಗಿನಿಂದ ಒರೆಸಲಿಲ್ಲ, ಹಾಗೇ ಹರಿಯಲಿ ಅಂತ ಬಿಟ್ಟೆ. ಇನ್ನೂ ಆರು ದಿನ ಇದ್ದು ಮನೆಗೆ ಬಂದೆವು. ವಠಾರದ ಉಳಿದ ಮಕ್ಕಳೂ ಒಬ್ಬೊಬ್ಬರೇ ಎದ್ದರು. ಗಿರಿಜನ ಕಿರಿಯವನು ಮಾತ್ರ ವರ್ಷವಾದರೂ ಮೈ ತುಂಬಿಕೊಳ್ಳಲಿಲ್ಲ. ಅವನ ಮೊಣಕೈ ನೋಡಿದಾಗಲೆಲ್ಲ ನನಗೆ ತಲೆ ತಗ್ಗುತ್ತಿತ್ತು. ಗಿರಿಜ ಒಂದು ದಿನವೂ ಆಡಿ ತೋರಿಸಲಿಲ್ಲ. ಆದರೆ ಮಕ್ಕಳನ್ನು ಮತ್ತೆ ಜಗಲಿಗೆ ಕಳಿಸಲೂ ಇಲ್ಲ. ನಾನೂ ಕರೆಯಲಿಲ್ಲ. ಆ ವರ್ಷ ನವರಾತ್ರಿಗೆ ಗೊಂಬೆ ಕೂರಿಸುವ ತ್ರಾಣವೂ ಇರಲಿಲ್ಲ.

ಮನೆಗೆ ಬಂದ ಮಾರನೆಯ ದಿನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಮಧ್ಯಾಹ್ನ ಅನ್ನ ಮೆತ್ತಗೆ ಬೇಯಿಸಿ, ಮಜ್ಜಿಗೆ ಹಾಕಿ, ಚಮಚದಲ್ಲಿ ಪುಟ್ಟಿಯ ಬಾಯಿಗಿಟ್ಟೆ. ತಳ್ಳಿದಳು. ಮತ್ತೆ ಇಟ್ಟೆ. ಮತ್ತೆ ತಳ್ಳಿ, ನನ್ನ ಬಲಗೈ ಹಿಡಿದು ತಟ್ಟೆಯ ಕಡೆ ಎಳೆದಳು. ಕೈತುತ್ತು ಬೇಕಿತ್ತು ಅವಳಿಗೆ. ಹತ್ತು ದಿನದಿಂದ ಏನನ್ನೂ ಕೇಳದಿದ್ದ ಮಗು ಮೊದಲ ಸಲ ಬೇಕು ಅಂದಿತ್ತು. ನಾನು ನನ್ನ ಕೈ ನೋಡಿಕೊಂಡೆ. ಆ ಕೈಯನ್ನು ಮಗುವಿನ ಬಾಯಿಗೆ ಹೇಗೆ ಇಡಲಿ?

ಮೆಟ್ಟಿಲ ಹತ್ತಿರ ಮುನಿಯಮ್ಮ ಕಲಗಚ್ಚಿಗೆ ಬಂದು ನಿಂತಿದ್ದಳು. ನಂಜಿ ಅವಳ ಸೆರಗು ಹಿಡಿದಿದ್ದಳು. ನಾನು ಅಂಟುವಾಳದ ಬಟ್ಟಲು ತೆಗೆದುಕೊಂಡು ಅಂಗಳಕ್ಕೆ ಇಳಿದೆ.

“ಮುನಿಯಮ್ಮ, ಕೈಗೆ ನೀರು ಹಾಕ್ತೀಯಾ?”

ಅವಳು ಅತ್ತೆಯ ಕಡೆ ನೋಡಿದಳು. “ನಾನಾ ಅಮ್ಮಾವ್ರೆ? ನಿಮ್ ಚೊಂಬು ಮುಟ್ಲಾ?”

“ಮುಟ್ಟು. ನಾನು ಅವತ್ತು ಅಂದಿದ್ದು ತಪ್ಪು ಕಣೆ. ನಾಳೆಯಿಂದ ಹಾಲು ತೊಗೊಂಡು ಬಾ.”

“ಬಾವಿ ನೀರ್ ಆಕಿದ್ದೇ ತರಲಾ, ಆಕ್ದೇ ಇರೋದಾ?” ಅಂದಳು ಮುನಿಯಮ್ಮ. ನಗುತ್ತಿರಲಿಲ್ಲ, ಕಣ್ಣು ಮಾತ್ರ ನಗುತ್ತಿತ್ತು. ಚೊಂಬು ಎತ್ತಿ ಬಗ್ಗಿಸಿದಳು. ಮಡಿಯಲ್ಲಿದ್ದ ನನ್ನ ಕೈಯ ಮೇಲೆ ಅವಳು ಹಾಕಿದ ನೀರು ಬಿತ್ತು. ನಾನು ನೊರೆ ಬರುವ ಹಾಗೆ ಅಂಗೈ ತಿಕ್ಕಿದೆ, ಹಿಂಗೈ ತಿಕ್ಕಿದೆ. ಮತ್ತೆ ನೀರು. ಒಳಗೆ ಪುಟ್ಟಿ ತಟ್ಟೆ ಬಡಿಯುತ್ತಿದ್ದಳು.

ಅತ್ತೆ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ಮಡಿ ಹೋಯಿತು ಅನ್ನುತ್ತಾರೆ, ಅನ್ನಲಿ, ಮತ್ತೆ ಸ್ನಾನ ಮಾಡಿದರಾಯಿತು ಎಂದು ಸೋತ ಮನಸ್ಸಿನಲ್ಲಿ ಅಂದುಕೊಂಡೆ.

“ಸಾವಿತ್ರಿ,” ಅಂದರು ಅತ್ತೆ. “ಉಗುರು. ಉಗುರು ಬಿಟ್ಟೆ ನೋಡು. ಮುನಿಯಮ್ಮ, ಇನ್ನೊಂದು ಚೊಂಬು ಹಾಕು.”